ಕಾವಲುಗಾರನ ಮುಖ ಬಂದಾಗ

ಮಾರ್ಚ್ ೭

‘ಲಿಫ್ಟ್ ಕೆಟ್ಟಿದೆ’ ಧಾರಾವಾಹಿಯ ಸಂಭಾಷಣೆಕಾರರಿಗೆ,

ಇವತ್ತು ಬೆಳಿಗ್ಗೆ ಟಿವಿ ಒರೆಸುವಾಗ ಗಾಜಿನ ಎಡಮೂಲೆಯಲ್ಲಿ ಎಣ್ಣೆಯ ಬೆರಳಿನ ಗುರುತೊಂದು ಕಂಡಿತು. ಹೊಲಿಗೆ ಯಂತ್ರದ ಎಣ್ಣೆ. ನಿನ್ನೆ ಸಂಜೆ ನಿಮ್ಮ ಧಾರಾವಾಹಿ ನಡೆಯುತ್ತಿದ್ದಾಗ ನಮ್ಮ ಅತ್ತೆ ಎದ್ದು ಹೋಗಿ, ಪರದೆಯನ್ನು ಬೆರಳಿನಿಂದ ಕುಟ್ಟಿ, “ಇಲ್ಲೇನೋ ಇತ್ತು. ಯಾರೋ ಎತ್ತಿಬಿಟ್ಟಿದ್ದಾರೆ” ಅಂದರು. ಗುರುತನ್ನು ಹಾಗೆಯೇ ಬಿಟ್ಟಿದ್ದೇನೆ. ಅವರು ಹೇಳಿದ್ದು ನಿಜವೇ ಎಂದು ಕೇಳಲು ಈ ಪತ್ರ.

ಧಾರಾವಾಹಿಯ ಕೊನೆಯಲ್ಲಿ ವಿಳಾಸದ ಜೊತೆ ಫೋನ್ ನಂಬರೂ ಬರುತ್ತದೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ಕ್ಷಮಿಸಿ.

ನಿನ್ನೆಯ ಸಂಚಿಕೆಯಲ್ಲಿ ಹಲ್ಲಿನ ಡಾಕ್ಟರು ನಾಲ್ಕು ಮಹಡಿ ಹತ್ತಿ, ಏದುಸಿರು ಬಿಡುತ್ತ, ನಾಲ್ಕನೇ ಮಹಡಿಯ ಹೆಂಗಸಿನ ಬಾಗಿಲು ತಟ್ಟುತ್ತಾರೆ. ಆಕೆ ಬಾಗಿಲು ತೆರೆಯುತ್ತಾಳೆ. ಅಷ್ಟರಲ್ಲಿ ನೀವು ಕೆಳಗೆ ಗೇಟಿನ ಹತ್ತಿರ ಕೂತ ಕಾವಲುಗಾರನ ಮುಖ ತೋರಿಸುತ್ತೀರಿ. ಅವನು ಏನೂ ಹೇಳುವುದಿಲ್ಲ, ಸುಮ್ಮನೆ ಕೂತಿರುತ್ತಾನೆ. ಆದರೆ ಹಿನ್ನೆಲೆಯಲ್ಲಿ ಕಾಣದ ಜನ ಬಿದ್ದು ಬಿದ್ದು ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮತ್ತೆ ಮೇಲಕ್ಕೆ ಬಂದರೆ ಡಾಕ್ಟರು “ಹಾಗಾದ್ರೆ ಕೂತ್ಕೋತೀನಿ” ಎನ್ನುತ್ತಾರೆ. ಹಾಗಾದರೆ ಎಂದರೆ ಹೇಗಾದರೆ? ಈ ವರ್ಷ ಕಾವಲುಗಾರನ ಮುಖ ಕಾರಣವಿಲ್ಲದೆ ಬಂದಾಗಲೆಲ್ಲ ಹೀಗೇ ಆಗಿದೆ. ಅಲ್ಲಿ ಒಂದು ಮಾತು ಇತ್ತು, ಅದನ್ನು ತೆಗೆದಿದ್ದಾರೆ, ನಗುವನ್ನು ತೆಗೆಯಲು ಮರೆತಿದ್ದಾರೆ ಎಂಬುದು ನನ್ನ ಊಹೆ.

ಇದ್ದಿರಬಹುದಾದ ಮಾತನ್ನು ಅತ್ತೆ ನಿಂತಲ್ಲೇ ಹೇಳಿದರು. ಆ ಹೆಂಗಸು ಡಾಕ್ಟರ ಮುಖ ನೋಡಿ ಹೀಗೆ ಅಂದಿರಬೇಕಂತೆ: “ಬಾಯಿ ತೆಗೆದುಕೊಂಡೇ ಬಂದಿದ್ದೀರಲ್ಲ, ಯಾವ ಹಲ್ಲು ಹೇಳಿ, ನೋಡ್ತೀನಿ.”

ಸರಿಯೇ?

ಒಬ್ಬ ವೀಕ್ಷಕಿ


ಮಾರ್ಚ್ ೨೦

ವೀಕ್ಷಕಿಯವರಿಗೆ,

ನಿಮ್ಮ ಪತ್ರ ಬಂದ ದಿನ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಓದಿದೆ. ಚಾನೆಲ್‌ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ನಾಯಕಿಯ ಕಿವಿಯೋಲೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತವೆ. ಕಾವಲುಗಾರನ ಮುಖದ ಗುಟ್ಟು ಹಿಡಿದವರು ನೀವೊಬ್ಬರೇ.

ನಿಮ್ಮ ಊಹೆ ಸರಿ. ನಾವು ಚಿತ್ರೀಕರಿಸಿ, ನೆಲಮಹಡಿಯ ಧ್ವನಿ ವಿಭಾಗದವರು ನಗು ಕೂರಿಸಿ, ಎಲ್ಲ ಮುಗಿದ ಮೇಲೆ ಸಂಚಿಕೆ ಮೂರನೇ ಮಹಡಿಯ ಸಮಿತಿಗೆ ಹೋಗುತ್ತದೆ. ಯಾರಿಗೂ ನೋವಾಗದಂತೆ ನೋಡಿಕೊಳ್ಳುವುದು ಸಮಿತಿಯ ಕೆಲಸ. ಅವರು ಬೇಡವೆಂದ ಮಾತನ್ನು ಅಳಿಸಿ, ಆ ಜಾಗಕ್ಕೆ ಕಾವಲುಗಾರನ ಮುಖ ಹಾಕುತ್ತೇವೆ. ಇದಕ್ಕಾಗಿಯೇ ಅವನನ್ನು ಒಂದಿಡೀ ದಿನ ಸುಮ್ಮನೆ ಕೂರಿಸಿ ಚಿತ್ರೀಕರಿಸಿ ಇಟ್ಟಿದ್ದೇವೆ. ನಗುವನ್ನು ತೆಗೆಯಲು ಮತ್ತೆ ನೆಲಮಹಡಿಗೆ ಹೋಗಬೇಕು. ಅಷ್ಟು ಹೊತ್ತಿಗೆ ಅವರು ಮನೆಗೆ ಹೋಗಿರುತ್ತಾರೆ. ನಮ್ಮ ಕಟ್ಟಡದ ಲಿಫ್ಟ್ ಚೆನ್ನಾಗಿಯೇ ಇದೆ. ಹತ್ತುವವರು ಇಳಿಯುವವರು ಬೇರೆ ಬೇರೆ, ಅಷ್ಟೆ.

ಅಲ್ಲಿದ್ದ ಮಾತು: “ಸ್ವಲ್ಪ ತಡೀರಿ ಡಾಕ್ಟ್ರೇ, ನೀವು ಬರ್ತೀರಿ ಅಂತ ಗೊತ್ತಿರ್ಲಿಲ್ಲ, ಹಲ್ಲುಜ್ಜಿಕೊಂಡು ಬರ್ತೀನಿ.” ನಮಗೆ ಜಾಹೀರಾತು ಕೊಡುವವರು ಟೂತ್‌ಪೇಸ್ಟ್ ಕಂಪನಿ. ಸಂಜೆಯಾದರೂ ಹಲ್ಲುಜ್ಜದ ಹೆಂಗಸು ಅವರ ಧಾರಾವಾಹಿಯಲ್ಲಿ ಇರಕೂಡದು.

ನಿಮ್ಮ ಮಾತು ನನ್ನದಕ್ಕಿಂತ ಚೆನ್ನಾಗಿದೆ. ಹೇಳಲು ಹೊಟ್ಟೆಕಿಚ್ಚು, ಆದರೂ ಹೇಳುತ್ತೇನೆ. ಇನ್ನೂ ಬರೆಯಿರಿ.

ಸಂಭಾಷಣೆ ಬರೆಯುವವನು


ಮಾರ್ಚ್ ೨೮

ಸರ್,

ನಿಮ್ಮ ಪತ್ರವನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ. ಕಾರಣ ನನಗೇ ಸರಿಯಾಗಿ ಗೊತ್ತಿಲ್ಲ.

ನಾವು ನೋಡುವ ಬಗೆ ಹೇಳುತ್ತೇನೆ, ನಿಮಗೆ ಉಪಯೋಗವಾದೀತು. ನಮ್ಮ ಮನೆ ಅಪ್ಪನ ಕನ್ನಡಕದ ಅಂಗಡಿಯ ಮೇಲಿದೆ. ಅಪ್ಪ ಟಿವಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ, ಜಾಹೀರಾತು ಬಂದ ಕೂಡಲೇ ಶಬ್ದ ತಗ್ಗಿಸುವುದು ಅವರ ಕೆಲಸ. ಅಮ್ಮ ನರ್ಸ್, ಬೆಳಗಿನ ಪಾಳಿ, ಎರಡನೇ ಜಾಹೀರಾತಿಗೆ ನಿದ್ದೆ ಹೋಗುತ್ತಾರೆ. ಅತ್ತೆ ಅಪ್ಪನ ಅಕ್ಕ. ಕಿಟಕಿಯ ಹತ್ತಿರ ಹೊಲಿಗೆ ಯಂತ್ರದ ಮುಂದೆ ಕೂತು ಊರವರ ಪ್ಯಾಂಟುಗಳ ಉದ್ದ ಕಡಿಮೆ ಮಾಡುತ್ತ ನೋಡುತ್ತಾರೆ. ನೋಡುತ್ತಾರೆ ಎನ್ನುವುದಕ್ಕಿಂತ ಕೇಳುತ್ತಾರೆ. ಯಂತ್ರ ನಿಂತಿತೆಂದರೆ ಅವರು ಏನೋ ಹೇಳಲಿದ್ದಾರೆ ಎಂದರ್ಥ. ನಾವೆಲ್ಲ ಕಾಯುತ್ತೇವೆ. ಅವರು ಹೇಳಿ ಮುಗಿಸಿ ಮತ್ತೆ ಪೆಡಲ್ ತುಳಿದ ಮೇಲೆಯೇ ನಾವು ನಗುವುದು.

ನಿಮ್ಮ ನಗುವವರ ಗುಂಪಿನಲ್ಲಿ ಪ್ರತಿ ವಾರ ಒಬ್ಬ ಮನುಷ್ಯ ನಕ್ಕು ಮುಗಿಸಿ ಕೆಮ್ಮುತ್ತಾನೆ. ಮೊನ್ನೆ ಅಪ್ಪ, “ಇವನು ಇನ್ನೂ ಡಾಕ್ಟ್ರ ಹತ್ರ ಹೋಗಿಲ್ವಾ?” ಅಂದರು. ಅತ್ತೆ ಯಂತ್ರ ನಿಲ್ಲಿಸಿ, “ಹೋಗಿದ್ನಂತೆ. ನಗಬೇಡ ಅಂದ್ರಂತೆ. ಕೆಲಸ ಹೋಗುತ್ತೆ ಸ್ವಾಮಿ ಅಂದ್ನಂತೆ” ಅಂದರು.

ನನಗೆ ಅನ್ನಿಸುವ ಇನ್ನೊಂದು ಸಂಗತಿ. ಸೋಮವಾರದಿಂದ ಬುಧವಾರದವರೆಗೆ ನಿಮ್ಮ ಚಾನೆಲ್‌ನಲ್ಲಿ ಬರುವ ಕಣ್ಣೀರಿನ ಧಾರಾವಾಹಿಗಳಲ್ಲಿ ಜನ ಅಳುವ ಶಬ್ದವನ್ನು ಯಾರೂ ಕೂರಿಸುವುದಿಲ್ಲ. ಅಳುವುದನ್ನು ನಮಗೇ ಬಿಟ್ಟಿದ್ದೀರಿ. ನಗುವುದಕ್ಕೆ ಮಾತ್ರ ನಮ್ಮ ಮೇಲೆ ನಂಬಿಕೆಯಿಲ್ಲ.

ಅತ್ತೆಯ ಮಾತು ಎಂಥದೆಂದು ತಿಳಿಯಲು ಒಂದು ಉದಾಹರಣೆ. ಅವರ ಗಂಡ, ನಾನು ಹುಟ್ಟುವ ಮುಂಚೆ, ಒಂದು ಬೆಳಿಗ್ಗೆ ಅಂಗಡಿಗೆ ಹೋದವರು ತಿರುಗಿ ಬರಲಿಲ್ಲ. ಬೇರೆ ಊರಿನಲ್ಲಿ ಚೆನ್ನಾಗಿಯೇ ಇದ್ದಾರೆ ಎಂದು ಕೇಳಿದ್ದೇವೆ. ಹೊಸಬರು ಯಾರಾದರೂ “ನಿಮ್ಮ ಯಜಮಾನ್ರು?” ಎಂದು ಕೇಳಿದರೆ ಅತ್ತೆ ಹೇಳುವುದು ಇಷ್ಟು: “ಬ್ಲೇಡ್ ತರ್ತೀನಿ ಅಂತ ಹೋದ್ರು. ಇಷ್ಟೊತ್ತಿಗೆ ಗಡ್ಡ ಮೊಣಕಾಲಿಗೆ ಬಂದಿರ್ಬೇಕು.” ಆಮೇಲೆ ಸ್ವಲ್ಪ ತಡೆದು, “ಪಾಪ.”

ವೀಕ್ಷಕಿ


ಏಪ್ರಿಲ್ ೧೫

ವೀಕ್ಷಕಿಯವರಿಗೆ,

ಉತ್ತರ ತಡವಾಯಿತು. ಇಲ್ಲಿ ಸ್ವಲ್ಪ ಓಡಾಟ, ಹೇಳುವಂಥದ್ದೇನಲ್ಲ.

ಆ ಕೆಮ್ಮಿನ ಮನುಷ್ಯ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಕಲಾವಿದ. ಯಾವುದೋ ಕಾಲದಲ್ಲಿ ಯಾವುದೋ ನಾಟಕ ನೋಡಲು ಬಂದಿದ್ದವನು. ಅವತ್ತು ಧ್ವನಿಮುದ್ರಿಸಿಕೊಂಡ ನಗುವನ್ನೇ ಇವತ್ತಿಗೂ ಬಳಸುತ್ತಿದ್ದೇವೆ. ನಾನು ಕೆಲಸಕ್ಕೆ ಸೇರಿದ ಮೇಲೆ ಬರೆದದ್ದಕ್ಕೆಲ್ಲ ಅವನು ನಕ್ಕಿದ್ದಾನೆ. ಒಂದನ್ನೂ ಕೇಳಿಸಿಕೊಂಡಿಲ್ಲ.

ನಿಮ್ಮ ‘ಅತ್ತೆ’ ನನಗೆ ಬಹಳ ಹಿಡಿಸಿದ್ದಾರೆ. ಸಂಕೋಚದವರೆಲ್ಲ ಹೀಗೆ ಒಬ್ಬರನ್ನು ಸಾಕಿಕೊಳ್ಳುತ್ತಾರೆ. ಕಾಲೇಜಿನಲ್ಲಿ ನನಗೂ ಒಬ್ಬ ‘ಗೆಳೆಯ’ ಇದ್ದ, ನಾನು ಹೇಳಲು ಹೆದರಿದ್ದನ್ನೆಲ್ಲ ಅವನೇ ಹೇಳುತ್ತಿದ್ದ. ಹೊಲಿಗೆ ಯಂತ್ರ ನಿಲ್ಲಿಸುವುದಂತೂ ಒಳ್ಳೆಯ ಯೋಚನೆ. ಸಾಹಿತ್ಯ ಓದಿದವರು ನೀವು ಎಂದು ಅಕ್ಷರ ನೋಡಿದರೇ ತಿಳಿಯುತ್ತದೆ.

‘ಅತ್ತೆ’ ಇನ್ನೇನು ಹೇಳುತ್ತಾರೆ? ನಾಲ್ಕನೇ ಮಹಡಿಯ ಹೆಂಗಸಿಗೆ ಸ್ವಲ್ಪ ಬಾಯಿ ಕೊಡಬೇಕೆಂದಿದ್ದೇನೆ. ಬೇಗ ಬರೆಯಿರಿ.

ಸಂಭಾಷಣೆ ಬರೆಯುವವನು


ಏಪ್ರಿಲ್ ೨೨

ಸರ್,

ಹೌದು, ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದೇನೆ. ಹೋದ ವಾರ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸಂದರ್ಶನವಿತ್ತು. “ನಿಮ್ಮ ಬಗ್ಗೆ ಹೇಳಿ” ಅಂದರು. ಅವರ ಹಿಂದಿನ ಗೋಡೆಯ ಗಡಿಯಾರ ನಿಂತುಹೋಗಿತ್ತು. ನನಗೆ ಅದೊಂದೇ ಕಾಣುತ್ತಿತ್ತು, ಅದನ್ನೇ ಹೇಳಿದೆ. ಹೊರಗೆ ಬಂದಾಗ ಜವಾನ ಕುರ್ಚಿ ಹತ್ತಿ ಗಡಿಯಾರ ಇಳಿಸುತ್ತಿದ್ದ. ಆ ಕಾಲೇಜಿಗೆ ನನ್ನಿಂದ ಆದ ಉಪಯೋಗ ಅಷ್ಟೇ ಎಂದು ಕಾಣುತ್ತದೆ.

ಮನೆಗೆ ಬಂದಾಗ ಅತ್ತೆ, “ಏನೇ ಪಂಡಿತೆ, ಬಾಯಿ ಬಿಟ್ಯಾ?” ಎಂದು ಕೇಳಿದರು. ಬಿಟ್ಟೆ ಅಂದೆ. “ಯಾವಾಗ? ಆಕಳಿಸುವಾಗ್ಲಾ?” ಅಂದರು.

ನೀವು ಕೇಳಿದಂತೆ ಇನ್ನೂ ಕೆಲವು ಮಾತುಗಳನ್ನು ಬೇರೆ ಹಾಳೆಯಲ್ಲಿ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ನಿಮಗೆ ಹಿಡಿಸಿದ್ದು ಸಂತೋಷ. ನಾನು ಹೇಳಿದ್ದಕ್ಕೆ ಯಾರಾದರೂ ನಗುತ್ತಾರೆ ಎನ್ನುವುದು ನನಗೆ ಹೊಸದು.

ವೀಕ್ಷಕಿ


ಮೇ ೯

ಸರ್,

ನಿನ್ನೆಯ ಸಂಚಿಕೆ ನೋಡಿದೆವು. ಡಾಕ್ಟರು “ನಿಮ್ಮ ಯಜಮಾನ್ರು ಕಾಣಿಸ್ತಿಲ್ಲ?” ಎಂದು ಕೇಳಿದ್ದು, ನಾಲ್ಕನೇ ಮಹಡಿಯ ಹೆಂಗಸು ಬ್ಲೇಡಿನ ಮಾತು ಹೇಳಿದ್ದು, ಎಲ್ಲ ನೋಡಿದೆವು. ಅದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಗು ಜೋರಾಗಿತ್ತು. ಸ್ವಲ್ಪ ಬೇಗ ಬಂತು ಎಂದು ಮನೆಯಲ್ಲಿ ಒಬ್ಬರು ಅಂದರು.

ಹೊಲಿಗೆ ಯಂತ್ರ ಕಾರ್ಯಕ್ರಮ ಮುಗಿಯುವವರೆಗೂ ನಿಲ್ಲಲಿಲ್ಲ.

ಟಿವಿಯ ಮೇಲಿದ್ದ ಬೆರಳಿನ ಗುರುತು ಇವತ್ತು ಬೆಳಿಗ್ಗೆ ಇರಲಿಲ್ಲ. ನಾನು ಒರೆಸಿದ್ದಲ್ಲ.

ವೀಕ್ಷಕಿ


ಮೇ ೧೬

ವೀಕ್ಷಕಿಯವರಿಗೆ,

ನಿಮಗೆ ಆಶ್ಚರ್ಯವಾಗಲಿ ಎಂದೇ ಮುಂಚೆ ಹೇಳಿರಲಿಲ್ಲ! ನಗು ಬೇಗ ಬಂದದ್ದು ನಿಜ, ನೆಲಮಹಡಿಯವರಿಗೆ ಹೇಳಿದ್ದೇನೆ. ‘ಯಂತ್ರ ನಿಲ್ಲಲಿಲ್ಲ’ ಎಂದು ಬರೆದಿದ್ದೀರಿ, ಅದು ಒಳ್ಳೆಯ ಸಾಲು. ಮುಂದೆ ಎಲ್ಲಾದರೂ ಬಳಸೋಣ.

ಬ್ಲೇಡಿನ ಮಾತು ಎಲ್ಲೆಡೆ ಓಡಾಡುತ್ತಿದೆ. ನಮ್ಮ ಕ್ಯಾಂಟೀನಿನಲ್ಲಿ ಯಾರಾದರೂ ಬರುವುದು ತಡವಾದರೆ, “ಬ್ಲೇಡ್ ತರೋಕೆ ಹೋಗಿದ್ದಾನೆ” ಅನ್ನುತ್ತಾರೆ. ಎರಡು ವರ್ಷಗಳಿಂದ ನನ್ನ ಹೆಸರನ್ನು ತಪ್ಪಾಗಿ ಹೇಳುತ್ತಿದ್ದ ಮೇಲಿನವರು ಈಗ ಸರಿಯಾಗಿ ಹೇಳುತ್ತಾರೆ.

ಅವರಿಗೆ ಈ ಹೆಂಗಸಿನದೇ ಬೇರೊಂದು ಧಾರಾವಾಹಿ ಬೇಕಂತೆ. ಬಿಟ್ಟುಹೋದ ಗಂಡ, ಬಾಯಿಬಡುಕಿ ಹೆಂಡತಿ, ವಾರಕ್ಕೊಬ್ಬರು ಬಂದು ಗಂಡನ ವಿಷಯ ಕೇಳುವುದು. ನನ್ನ ಜೊತೆ ಕೂತು ಬರೆಯಲು ನಿಮ್ಮನ್ನು ಕರೆಯಬೇಕೆಂದು ಹೇಳಿದೆ, ಒಪ್ಪಿದ್ದಾರೆ. ಸಂದರ್ಶನವಿಲ್ಲ. ಗಡಿಯಾರದ ಚಿಂತೆ ಬೇಡ. ‘ಅತ್ತೆ’ಯನ್ನು ಕರೆದುಕೊಂಡು ಬನ್ನಿ, ಸಾಕು.

ಸಂಭಾಷಣೆ ಬರೆಯುವವನು


ಜೂನ್ ೨

ಸರ್,

ಅತ್ತೆ ನಿಜವಾಗಿಯೂ ಇದ್ದಾರೆ. ನೀವು ಅವರನ್ನು ಉದ್ಧರಣ ಚಿಹ್ನೆಗಳ ನಡುವೆ ಹಾಕಿದ್ದನ್ನು ಏಪ್ರಿಲ್ಲಿನಲ್ಲೇ ನೋಡಿದ್ದೆ, ತಿದ್ದಲಿಲ್ಲ. ಒಂದಿಷ್ಟು ದಿನ ತಮಾಷೆಯ ಹುಡುಗಿಯಾಗಿರುವುದು ಚೆನ್ನಾಗಿತ್ತು. ನಾನು ಕಳಿಸಿದ ಒಂದು ಮಾತೂ ನನ್ನದಲ್ಲ.

ಬ್ಲೇಡಿನ ಮಾತು ಬಂದ ದಿನ ಧಾರಾವಾಹಿ ಮುಗಿದ ಮೇಲೆ ಅವರು ದಾರ ಕಡಿದು, “ಪಾಪ ಅನ್ನೋದು ಯಾರಿಗೂ ಕೇಳಿಸ್ಲಿಲ್ಲ” ಅಂದರು. ಅಷ್ಟೇ. ಆಮೇಲೆ ಟಿವಿಯ ಮುಂದೆ ಅವರು ಮಾತಾಡಿಲ್ಲ. ಗುರುವಾರಗಳಂದು ಪೆಡಲ್ ತುಳಿಯುತ್ತಲೇ ಇರುತ್ತಾರೆ. ಅಪ್ಪ ಬೇಕೆಂದೇ ಕೆಮ್ಮಿನವನ ಮಾತೆತ್ತಿದರು. ಅತ್ತೆ “ಹೂಂ” ಅಂದರು. ನಮಗೆ ನಗುವುದು ಎಲ್ಲಿ ಎಂದು ತಿಳಿಯುತ್ತಿಲ್ಲ. ನಿಮ್ಮ ಜನ ನಕ್ಕಾಗ ನಕ್ಕು ಸುಮ್ಮನಾಗುತ್ತೇವೆ.

ಮೊನ್ನೆ ಮಧ್ಯಾಹ್ನ ಅವರೊಬ್ಬರೇ ಇದ್ದರು. ತುಟಿಗಳ ನಡುವೆ ಗುಂಡುಸೂಜಿ ಇಟ್ಟುಕೊಂಡೇ ಕೇಳಿದರು.

“ಪಂಡಿತೆ, ಆ ಮೇಲಿನ ಮನೆಯವಳಿಗೆ ನನ್ನ ಗಂಡನ ಸುದ್ದಿ ಕೊಟ್ಟಿದ್ಯಾರು?”

“ನಾನೇ ಅತ್ತೆ.”

“ಗೊತ್ತು ಬಿಡು. ನಿಮ್ಮಪ್ಪನಿಗೆ ಅಷ್ಟುದ್ದ ಬರೆಯೋಕೆ ಬರಲ್ಲ.”

“ಕೋಪ ಬಂತಾ?”

ಅವರು ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

“ಕೋಪ ಏನೂ ಇಲ್ಲ ಕಣೆ. ಯಾರಾದ್ರೂ ಅಯ್ಯೋ ಅನ್ನೋಕೆ ಮುಂಚೆ ನಾನೇ ನಗಿಸಿಬಿಡ್ತೀನಿ. ಅವರ ಬಾಯಿಗೆ ಅಯ್ಯೋ ಬರಬಾರ್ದು, ಅದಕ್ಕೆ ಇಟ್ಟುಕೊಂಡಿದ್ದ ಮಾತು ಅದು. ನಿನ್ನೆ ಪ್ಯಾಂಟ್ ತಗೊಂಡು ಹೋಗೋಕೆ ಬಂದ ಅಂಚೆಯವನು ಅದನ್ನ ನನಗೇ ಹೇಳ್ದ. ಟಿವಿಲಿ ಬಂತಮ್ಮ, ಕೇಳಿ ಅಂತ. ಪೂರ್ತಿ ಕೇಳ್ದೆ. ನಗಬೇಕಾಯ್ತು.”

ನಾನು ನೆಲಕ್ಕೆ ಬಿದ್ದಿದ್ದ ಸೂಜಿಯೊಂದನ್ನು ಹೆಕ್ಕಿ ಡಬ್ಬಿಗೆ ಹಾಕಿದೆ.

“ಅವನೂ ಮೊಣಕಾಲಿಗೇ ನಿಲ್ಲಿಸ್ದ.”

ನಿಮ್ಮಲ್ಲಿ ಕೆಲಸ ಸಿಕ್ಕಿರುವುದನ್ನು ಆಗ ಹೇಳಿದೆ. ಅವರು ಪ್ಯಾಂಟನ್ನು ಕೊಡವಿ ಮಡಿಸಿ ಇಟ್ಟರು. “ಹೋಗು ಮತ್ತೆ. ಇಲ್ಲಿ ಕೂತು ಕನ್ನಡಕ ಎಣಿಸ್ತೀಯಾ? ಹೋಗು. ನನ್ನ ಬಾಯಿ ಮಾತ್ರ ಇಲ್ಲೇ ಬಿಟ್ಟು ಹೋಗು” ಅಂದರು.

ಆದ್ದರಿಂದ ಆ ಹೊಸ ಧಾರಾವಾಹಿಗೆ ನಾನು ಬರಲಾರೆ. ಅವರನ್ನು ಬಿಟ್ಟು ಬಂದರೆ ನನ್ನ ಹತ್ತಿರ ನಿಮಗೆ ಬೇಕಾದ್ದು ಏನೂ ಇಲ್ಲ.

ಒಂದು ಕೇಳಿಕೆ. ಆ ಸಂಚಿಕೆ ಈ ತಿಂಗಳ ಇಪ್ಪತ್ತೆರಡರ ಭಾನುವಾರ ಮಧ್ಯಾಹ್ನ ಮರುಪ್ರಸಾರವಾಗುತ್ತದೆಂದು ಪ್ರಕಟಣೆ ಬರುತ್ತಿದೆ. ಅದರಿಂದ ಬ್ಲೇಡಿನ ಮಾತನ್ನು ತೆಗೆಸಲು ಸಾಧ್ಯವೇ?

ವೀಕ್ಷಕಿ


ಜೂನ್ ೧೪

ವೀಕ್ಷಕಿಯವರಿಗೆ,

ನಿಮ್ಮ ಪತ್ರ ಓದಿ ಎರಡು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಆಮೇಲೆ ಯೋಚಿಸಿದರೆ, ನಿಮ್ಮ ಮೊದಲ ಪತ್ರದಲ್ಲೇ ಅತ್ತೆ ಬೆರಳಿನ ಗುರುತು ಸಮೇತ ಇದ್ದಾರೆ. ಕಾಣದವನು ನಾನು. ಮಾತು ಬರೆಯುವವರೆಲ್ಲ ನನ್ನ ಹಾಗೆ ಒಂದು ಕೋಣೆಯಲ್ಲಿ ಒಬ್ಬರೇ ಕೂತಿರುತ್ತಾರೆ ಅಂದುಕೊಂಡಿದ್ದೆ.

ನಾನೂ ಒಂದು ವಿಷಯ ಹೇಳಿರಲಿಲ್ಲ. ನಿಮ್ಮ ಮೊದಲ ಪತ್ರ ಬಂದಾಗ ‘ಲಿಫ್ಟ್ ಕೆಟ್ಟಿದೆ’ಯನ್ನು ನಿಲ್ಲಿಸುವುದೆಂದು ಆಗಲೇ ತೀರ್ಮಾನವಾಗಿತ್ತು. ನಿಮ್ಮ ಅತ್ತೆಯಿಂದ ಅದು ಉಳಿದಿದೆ. ಅವರನ್ನು ಕೇಳದೆ ಉಳಿಸಿಕೊಂಡೆ.

ಮಾತು ತೆಗೆಸಿದ್ದೇನೆ. ಬರೆದವನೇ ಬೇಡವೆಂದರೆ ಸಮಿತಿ ಕಿವಿಗೊಡುವುದಿಲ್ಲ. ಎಲ್ಲರಿಗೂ ಇಷ್ಟವಾದ ಮಾತು, ಯಾಕೆ ತೆಗೆಯಬೇಕು ಅಂದರು. ಮುಂದೆ ಯಾವುದಾದರೂ ಬ್ಲೇಡ್ ಕಂಪನಿ ಜಾಹೀರಾತು ಕೊಡುವ ಮನಸ್ಸು ಮಾಡಿದರೆ ಈ ಮಾತಿನಿಂದ ಬೇಸರವಾದೀತೇನೋ ಅಂದೆ. ನನ್ನ ಟೀ ಆರುವುದರೊಳಗೆ ತೆಗೆದರು. ಕಾವಲುಗಾರನ ಮುಖ ಹಾಕಿದ್ದೇವೆ. ನಗು ತೆಗೆಯಲು ನೆಲಮಹಡಿಯವರಿಗೆ ಪುರುಸೊತ್ತಿಲ್ಲವಂತೆ. ಕ್ಷಮಿಸಿ.

ಹೊಸ ಧಾರಾವಾಹಿಯನ್ನು ತಪ್ಪಿಸುವುದು ನನ್ನ ಕೈಯಲ್ಲಿಲ್ಲ. ಆದರೆ ಅದರ ನಾಯಕಿಗೆ ಮದುವೆಯೇ ಆಗಿಲ್ಲ ಎಂದು ಬರೆದು ಕೊಟ್ಟಿದ್ದೇನೆ. ಗಂಡನಿಲ್ಲದೆ ಹೇಗೆ ನಗಿಸುತ್ತೀರಿ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿಲ್ಲ.

ಇನ್ನೊಂದು ಕೆಲಸವಿದೆ. ಅದಕ್ಕೆ ಇದುವರೆಗೆ ಯಾರೂ ಇರಲಿಲ್ಲ, ನಿಮ್ಮ ಮೊದಲ ಪತ್ರ ತೋರಿಸಿ ಕೇಳಿದ ಮೇಲೆ ಒಪ್ಪಿದ್ದಾರೆ. ಸಮಿತಿ ಕತ್ತರಿ ಹಾಕಿದ ಸಂಚಿಕೆಗಳನ್ನು ಪ್ರಸಾರಕ್ಕೆ ಮುಂಚೆ ನೋಡಿ, ಮಾತಿಲ್ಲದ ಕಡೆ ನಗು ಉಳಿದಿದ್ದರೆ ಗುರುತು ಹಾಕುವುದು. ಒಂದು ಸಣ್ಣ ಕೋಣೆ, ಒಂದು ಟಿವಿ. ಯಾರ ಜೊತೆಗೂ ಮಾತಾಡಬೇಕಾಗಿಲ್ಲ.

ಸಂಭಾಷಣೆ ಬರೆಯುವವನು


ಜೂನ್ ೨೩

ಸರ್,

ನಿನ್ನೆ ಮರುಪ್ರಸಾರ ನೋಡಿದೆವು. ನೀವು ಮಾತು ತೆಗೆಸಿರುವುದನ್ನು ಮನೆಯಲ್ಲಿ ಹೇಳಿರಲಿಲ್ಲ. ಭಾನುವಾರವಾದ್ದರಿಂದ ಅಮ್ಮನಿಗೂ ಎಚ್ಚರವಿತ್ತು. ಅಪ್ಪ, ಆ ಸಂಚಿಕೆಯೆಂದು ತಿಳಿದ ಕೂಡಲೇ ಟಿವಿ ಆರಿಸಲು ಎದ್ದರು. ಅತ್ತೆ ತಲೆಯೆತ್ತದೆ, “ಇರ್ಲಿ ಬಿಡೋ, ಅವಳ ಪಾಡಿಗೆ ಅವಳು ಹೇಳ್ಕೊಳ್ಲಿ” ಅಂದರು. ಅಪ್ಪ ಅರ್ಧ ಎದ್ದವರು ಹಾಗೆಯೇ ನಿಂತರು.

ಡಾಕ್ಟರು ಕೇಳಿದರು: “ನಿಮ್ಮ ಯಜಮಾನ್ರು ಕಾಣಿಸ್ತಿಲ್ಲ?”

ಕಾವಲುಗಾರನ ಮುಖ ಬಂತು. ಅವನು ಸುಮ್ಮನೆ ಕೂತಿದ್ದ. ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. ಕೊನೆಗೆ ಆ ಮನುಷ್ಯ ಕೆಮ್ಮಿದ.

ಹೊಲಿಗೆ ಯಂತ್ರ ನಿಂತಿತು.

ಅಪ್ಪ ಟಿವಿಯ ಶಬ್ದ ಪೂರ್ತಿ ತಗ್ಗಿಸಿದರು. ಅತ್ತೆ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. ನಾವು ಕಾದೆವು. ಅವರು ಒಂದು ಮಾತು ಹೇಳಿದರು. ಸ್ವಲ್ಪ ತಡೆದು ಅದಕ್ಕೆ ಇನ್ನೊಂದೇ ಒಂದು ಪದ ಸೇರಿಸಿದರು. ಆಮೇಲೆ ಪೆಡಲ್ ತುಳಿದರು.

ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಅಂಗಿಯ ತುದಿಯಿಂದ ಅದರ ಗಾಜನ್ನೂ ಒರೆಸಿದರು. ಅಂಗಡಿಯಲ್ಲಿ ಗಿರಾಕಿಗಳು ಅಂಗಿಯಿಂದ ಒರೆಸಿದರೆ ಬೈಯುವವರು. ಅಮ್ಮ “ಸಾಕು ನಿಲ್ಸಿ ಅತ್ತಿಗೆ, ಹೊಟ್ಟೆ ನೋವು” ಎನ್ನುತ್ತ ದಿಂಬಿಗೆ ಮುಖ ಒತ್ತಿಕೊಂಡರು. ನಾನು ನಕ್ಕ ಶಬ್ದ ಕೇಳಿ ನನಗೇ ಗಾಬರಿಯಾಯಿತು. ಯಾರೂ ಬೇಗ ನಗಲಿಲ್ಲ. ಕೊನೆಯ ಪದ ಎಲ್ಲರಿಗೂ ಕೇಳಿಸಿತು.

ನೀವು ಹೇಳಿದ ಆ ಸಣ್ಣ ಕೋಣೆಯ ಕೆಲಸಕ್ಕೆ ಮುಂದಿನ ಸೋಮವಾರ ಬಂದು ಸೇರುತ್ತೇನೆ. ಗಡಿಯಾರವಿದ್ದರೆ ನಡೆಯುತ್ತಿರುವಂತೆ ನೋಡಿಕೊಳ್ಳಿ.

ಅತ್ತೆ ಏನು ಹೇಳಿದರೆಂದು ನೀವು ಕೇಳುತ್ತೀರಿ. ಈ ಪತ್ರದಲ್ಲಿ ಆ ಜಾಗಕ್ಕೆ ಕಾವಲುಗಾರನ ಮುಖ ಹಾಕಿಕೊಳ್ಳಿ.

ವೀಕ್ಷಕಿ